ಲೆಕ್ಕ ಮಾಡಿದವನ ಪಾಲು

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮೂರು ದೇಶಗಳಲ್ಲಿ ಮೂವರು ಕೂತು ಒಂದೇ ಲೆಕ್ಕ ಮಾಡಿದರು. ಸೋವಿಯತ್ ಒಕ್ಕೂಟದಲ್ಲಿ ಯಾಕೋವ್ ಝೆಲ್ದೋವಿಚ್ 1940ರಲ್ಲಿ, ಅಮೆರಿಕದಲ್ಲಿ ಜಾನ್ ವಾನ್ ನ್ಯೂಮನ್ 1942ರಲ್ಲಿ, ಜರ್ಮನಿಯಲ್ಲಿ ವರ್ನರ್ ಡೋರಿಂಗ್ 1943ರಲ್ಲಿ. ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ಮಾಡಿದ್ದು. ವಾನ್ ನ್ಯೂಮನ್ ಬರೆದದ್ದಂತೂ ಯುದ್ಧಕಾಲದ ರಹಸ್ಯ ವರದಿ. ಆದರೂ ಮೂವರೂ ಮುಟ್ಟಿದ್ದು ಒಂದೇ ಜಾಗವನ್ನು. ಇವತ್ತು ಪಠ್ಯಪುಸ್ತಕಗಳಲ್ಲಿ ಅದಕ್ಕೆ ಮೂವರ ಹೆಸರಿನ ಮೊದಲ ಅಕ್ಷರ ಸೇರಿಸಿ ಝಡ್‌ಎನ್‌ಡಿ ಮಾದರಿ ಅಂತಾರೆ. ಯುದ್ಧದಲ್ಲಿ ಎದುರುಬದುರಾಗಿದ್ದ ದೇಶಗಳು ಪಠ್ಯದಲ್ಲಿ ಒಂದೇ ಸಾಲಿನಲ್ಲಿ ಕೂತಿವೆ.

ಲೆಕ್ಕ ಏನು ಅಂದ್ರೆ, ಒಂದು ಸ್ಫೋಟಕದೊಳಗೆ ಸ್ಫೋಟ ಹೇಗೆ ಮುಂದಕ್ಕೆ ಹೋಗುತ್ತೆ ಅನ್ನೋದು. ಆ ಲೆಕ್ಕದಲ್ಲಿ ಒತ್ತಡ ಇದೆ, ಸಾಂದ್ರತೆ ಇದೆ, ತಾಪ ಇದೆ, ವೇಗ ಇದೆ. ಎಷ್ಟು ಇಂಧನ ಸುಟ್ಟಿದೆ ಅನ್ನೋದಕ್ಕೂ ಒಂದು ಚಿಹ್ನೆ ಇದೆ. ಮನುಷ್ಯರು ಮಾತ್ರ ಇಲ್ಲ. ಇರಬೇಕಾಗಿಯೂ ಇಲ್ಲ. ಅನಿಲಕ್ಕೆ ತನ್ನ ಪಕ್ಕ ಯಾರು ನಿಂತಿದ್ದಾರೆ ಅನ್ನೋದು ಗೊತ್ತಿರಲ್ಲ.

ನನ್ನ ಪ್ರಶ್ನೆ ಹಳೆಯದೇ. ಇಂಥ ಲೆಕ್ಕ ಮಾಡಿದವನಿಗೆ ಆಮೇಲೆ ಆಗುವುದರಲ್ಲಿ ಪಾಲಿದೆಯಾ? ಇದ್ದರೆ ಎಷ್ಟು? ಲ್ಯಾಪ್‌ಟಾಪ್ ಮುಂದೆ ಕೂತು ಒಂದಲ್ಲ ಒಂದು ಮಾದರಿ ಕಟ್ಟಿ, ಅದನ್ನ ಬೇರೆ ಯಾರಿಗೋ ಒಪ್ಪಿಸಿ ಸಂಬಳ ತಗೊಳ್ಳೋ ನಮ್ಮಂಥವರಿಗೆ ಇದು ಬರೀ ಬಾಂಬಿನ ಪ್ರಶ್ನೆ ಅಲ್ಲ. ಆದರೂ ಮೊದಲು ಬಾಂಬಿನ ಕಥೆಯನ್ನೇ ಸರಿಯಾಗಿ ನೋಡೋಣ. ಯಾಕಂದ್ರೆ ಇಂಥ ಚರ್ಚೆಯಲ್ಲಿ ನಾವೆಲ್ಲ ತೀರ್ಪಿಗೆ ಬೇಗ ಹಾರುತ್ತೀವಿ, ವಿಷಯ ಅಲ್ಲೇ ಉಳಿದುಬಿಡುತ್ತೆ.

ಉರಿಯಲ್ಲಿ ಎರಡು ಜಾತಿ. ಮೀಥೇನ್ ಮತ್ತು ಗಾಳಿ ಸರಿಯಾದ ಪ್ರಮಾಣದಲ್ಲಿ ಬೆರೆತು ಅಲುಗಾಡದೆ ನಿಂತಿದೆ ಅಂದುಕೊಳ್ಳಿ. ಒಂದು ಕಡೆ ಕಿಡಿ ಹಚ್ಚಿದರೆ ಉರಿ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ಸರಿಯುತ್ತೆ. ಒಂದು ಮೊಳಕ್ಕೂ ಸ್ವಲ್ಪ ಕಮ್ಮಿ. ಸುಟ್ಟ ಪದರದ ಬಿಸಿ ಪಕ್ಕದ ಪದರಕ್ಕೆ ಹಬ್ಬಬೇಕು, ಅದು ಕಾಯಬೇಕು, ಆಮೇಲೆ ಹೊತ್ತಿಕೊಳ್ಳಬೇಕು. ಅಡುಗೆಮನೆಯ ಗ್ಯಾಸ್ ಒಲೆಯ ಉರಿಯೂ ಇದೇ ಜಾತಿಯದು. ಇದು ನಿಧಾನದ ಉರಿ.

ಇನ್ನೊಂದು ಜಾತಿ ಡಿಟೊನೇಶನ್. ಅದೇ ಮೀಥೇನ್, ಅದೇ ಗಾಳಿ. ಆದರೆ ಈಗ ವೇಗ ಸೆಕೆಂಡಿಗೆ ಸುಮಾರು 1,800 ಮೀಟರ್, ಅಂದ್ರೆ ಶಬ್ದದ ವೇಗದ ಐದು ಪಟ್ಟು. ಬಿಸಿ ಹಬ್ಬಲಿ ಅಂತ ಇಲ್ಲಿ ಯಾರೂ ಕಾಯೋದಿಲ್ಲ. ಮುಂದೆ ಒಂದು ಆಘಾತ ತರಂಗ ಓಡುತ್ತೆ. ಅದು ಅನಿಲವನ್ನು ಎಷ್ಟು ಜೋರಾಗಿ ಹಿಂಡುತ್ತೆ ಅಂದ್ರೆ, ಹಿಂಡಿದ ಬಿಸಿಗೇ ಅನಿಲ ಹೊತ್ತಿಕೊಳ್ಳುತ್ತೆ. ಹೊತ್ತಿಕೊಂಡ ಅನಿಲ ಹಿಗ್ಗಿ, ಮುಂದಿನ ತರಂಗವನ್ನು ಹಿಂದಿನಿಂದ ನೂಕುತ್ತೆ. ತರಂಗ ಉರಿಯನ್ನು ಹಚ್ಚುತ್ತೆ, ಉರಿ ತರಂಗವನ್ನು ಸಾಕುತ್ತೆ. ಟಿಎನ್‌ಟಿಯಂಥ ಘನ ಸ್ಫೋಟಕದಲ್ಲಿ ಈ ವೇಗ ಸೆಕೆಂಡಿಗೆ ಸುಮಾರು 6,900 ಮೀಟರ್. ಮೆಜೆಸ್ಟಿಕ್‌ನಿಂದ ಜಯನಗರದ ದೂರವನ್ನು ಒಂದು ಸೆಕೆಂಡಿನಲ್ಲಿ ದಾಟಿದ ಹಾಗೆ.

ಈ ಎರಡನೇ ಜಾತಿಯ ಉರಿಯನ್ನು ಮೊದಲು ಗುರುತಿಸಿದ್ದು ಯಾರು ಅನ್ನೋದರಲ್ಲೇ ನನ್ನ ಪ್ರಶ್ನೆಯ ಬೇರು ಇದೆ. ವರ್ಷ 1881, ದೇಶ ಫ್ರಾನ್ಸ್. ಎರಡು ಜೋಡಿಗಳು ಹೆಚ್ಚುಕಮ್ಮಿ ಒಟ್ಟಿಗೇ ಅದನ್ನು ಕಂಡವು. ಒಂದು ಜೋಡಿ ಬೆರ್ತೆಲೋ ಮತ್ತು ವಿಯೆಯ್. ಇವರ ಕೆಲಸ ಸ್ಫೋಟಕಗಳ ಮೇಲೆ, ಸರ್ಕಾರಕ್ಕಾಗಿ. ವಿಯೆಯ್ ಕೆಲವೇ ವರ್ಷಗಳಲ್ಲಿ ಫ್ರೆಂಚ್ ಸೇನೆಗೆ ಹೊಗೆಯಿಲ್ಲದ ಮದ್ದು ತಯಾರಿಸಿಕೊಟ್ಟವರು. ಇನ್ನೊಂದು ಜೋಡಿ ಮಲಾರ್ ಮತ್ತು ಲೆ ಶಾಟೆಲಿಯರ್. ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ ಲೆ ಶಾಟೆಲಿಯರ್ ತತ್ವ ನೆನಪಿದ್ದರೆ, ಅದೇ ಲೆ ಶಾಟೆಲಿಯರ್. ಇವರಿಬ್ಬರೂ ಗಣಿ ಎಂಜಿನಿಯರುಗಳು. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಹೊತ್ತಿಕೊಂಡು ಕೆಲಸಗಾರರು ಸಾಯುತ್ತಿದ್ದರು. ಅದನ್ನು ತಡೆಯೋದು ಹೇಗೆ ಅಂತ ಹುಡುಕುತ್ತಾ ಕೊಳವೆಗಳಲ್ಲಿ ಉರಿಯ ವೇಗ ಅಳೆಯುತ್ತಿದ್ದರು.

ಒಂದೇ ವರ್ಷ, ಒಂದೇ ದೇಶ, ಒಂದೇ ವಿದ್ಯಮಾನ. ಒಬ್ಬರು ಅಲ್ಲಿಗೆ ಬಂದದ್ದು ಫಿರಂಗಿಯ ಕಡೆಯಿಂದ, ಇನ್ನೊಬ್ಬರು ಗಣಿಯ ಬಾಯಿಯಿಂದ. ಕೊಳವೆಯೊಳಗಿನ ಅಲೆಗೆ ಈ ವ್ಯತ್ಯಾಸ ಕಾಣಲಿಲ್ಲ.

ಮುಂದೆ 1899ರಲ್ಲಿ ಇಂಗ್ಲೆಂಡಿನ ಡೇವಿಡ್ ಚಾಪ್ಮನ್, 1905-06ರಲ್ಲಿ ಫ್ರಾನ್ಸಿನ ಎಮಿಲ್ ಜೂಗೇ ಈ ಅಲೆಯ ವೇಗವನ್ನು ಲೆಕ್ಕ ಹಾಕುವ ದಾರಿ ತೋರಿಸಿದರು. ಜೂಗೇ ಕೂಡ ಗಣಿ ಎಂಜಿನಿಯರ್. ಅವರ ಬರಹ ಅಚ್ಚಾಗುತ್ತಿದ್ದ ಕಾಲದಲ್ಲೇ, 1906ರ ಮಾರ್ಚ್ 10ರಂದು, ಉತ್ತರ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಕಲ್ಲಿದ್ದಲ ದೂಳು ಹೊತ್ತಿಕೊಂಡು 1,099 ಜನ ಸತ್ತರು. ಇಪ್ಪತ್ತು ದಿನ ಆದಮೇಲೆ ಹದಿಮೂರು ಕೆಲಸಗಾರರು ಕತ್ತಲೆಯಲ್ಲಿ ದಾರಿ ಹುಡುಕಿಕೊಂಡು ಜೀವಂತ ಹೊರಬಂದರು. ಅವತ್ತು ಆ ಊರಿನವರ ಹತ್ತಿರ ಹೋಗಿ, 'ಉರಿ ಹೇಗೆ ಓಡುತ್ತೆ ಅಂತ ಲೆಕ್ಕ ಮಾಡೋದು ಪಾಪ' ಅಂತ ಯಾರಾದರೂ ಹೇಳೋದಕ್ಕೆ ಸಾಧ್ಯ ಇತ್ತಾ? ಲೆಕ್ಕ ಇನ್ನೂ ಬೇಗ ಯಾಕೆ ಆಗಲಿಲ್ಲ ಅಂತ ಕೇಳುತ್ತಿದ್ದರು, ಅಷ್ಟೇ.

ಚಾಪ್ಮನ್ ಮತ್ತು ಜೂಗೇ ಕಂಡುಕೊಂಡದ್ದರಲ್ಲಿ ಒಂದು ವಿಚಿತ್ರ ಇದೆ. ಅಲೆ ಎಷ್ಟು ವೇಗದಲ್ಲಿ ಹೋಗುತ್ತೆ ಅಂತ ಹೇಳೋದಕ್ಕೆ ಅದರ ಒಳಗೆ ರಾಸಾಯನಿಕ ಕ್ರಿಯೆ ಯಾವ ಕ್ರಮದಲ್ಲಿ, ಎಷ್ಟು ಹೊತ್ತಿನಲ್ಲಿ ನಡೆಯುತ್ತೆ ಅಂತ ಗೊತ್ತಿರಬೇಕಿಲ್ಲ. ಮುಂಚೆ ಏನಿತ್ತು, ಸುಟ್ಟಮೇಲೆ ಏನುಳಿಯಿತು, ಎಷ್ಟು ಶಕ್ತಿ ಹೊರಬಂತು, ಇಷ್ಟು ಸಾಕು. ದ್ರವ್ಯರಾಶಿ, ಸಂವೇಗ, ಶಕ್ತಿ ಈ ಮೂರರ ಜಮಾ ಖರ್ಚು ಸರಿಹೊಂದಿಸಿ, ಸುಟ್ಟ ಅನಿಲ ಅಲೆಯಿಂದ ಹಿಂದೆ ಸರಿಯುವ ವೇಗ ಅಲ್ಲಿನ ಶಬ್ದದ ವೇಗಕ್ಕೆ ಸಮ ಅಂತ ಇಟ್ಟುಕೊಂಡರೆ ಉತ್ತರ ಬರುತ್ತೆ. ಅನಿಲಗಳಲ್ಲಿ ಆ ಉತ್ತರ ಪ್ರಯೋಗದಲ್ಲಿ ಅಳೆದ ವೇಗಕ್ಕೆ ಬಹಳ ಹತ್ತಿರ. ಇನ್ನು ಮುಂದೆ ಹೋಗಿ ಒಳಗೇನಾಗುತ್ತೆ ಅಂತ ಬಿಡಿಸಿಟ್ಟವರೇ ಮೊದಲು ಹೇಳಿದ ಮೂವರು. ಮೊದಲು ಆಘಾತ, ಅದರ ಬೆನ್ನಿಗೆ ಹಿಂಡಿಸಿಕೊಂಡು ಇನ್ನೂ ಸುಡದೆ ನಿಂತ ಒಂದು ತೆಳು ಪದರ, ಆಮೇಲೆ ದಹನ.

ಆ ಮಾದರಿಯಲ್ಲಿ ಎಲ್ಲವೂ ಒಂದೇ ಗೆರೆಯ ಮೇಲೆ, ನೇರವಾಗಿ, ಸಮವಾಗಿ ಸಾಗುತ್ತೆ. ನಿಜವಾದ ಅಲೆ ಹಾಗಿಲ್ಲ. ಅದು ಅಲುಗುತ್ತೆ, ಸುಕ್ಕುಗಟ್ಟುತ್ತೆ. ಮಸಿ ಹಚ್ಚಿದ ಹಾಳೆಯನ್ನು ಕೊಳವೆಯ ಒಳಗಿಟ್ಟರೆ ಅಲೆ ಹಾದುಹೋದ ಮೇಲೆ ಮೀನಿನ ಚಿಪ್ಪಿನಂಥ ಗೆರೆಗಳು ಮೂಡಿರುತ್ತವೆ. ಮಾದರಿ ಇದನ್ನೆಲ್ಲ ಬಿಟ್ಟಿದೆ, ಆದರೂ ಕೆಲಸಕ್ಕೆ ಬರುತ್ತೆ. ಬಿಡೋದೇ ಮಾದರಿಯ ಗುಣ. ಎಲ್ಲವನ್ನೂ ಒಳಗೆ ಇಟ್ಟುಕೊಂಡ ಮಾದರಿ ಮಾದರಿಯೇ ಅಲ್ಲ, ಅದು ಜಗತ್ತೇ ಆಗಿಬಿಡುತ್ತೆ. ಹಾಗಾಗಿ 'ಸಮೀಕರಣದಲ್ಲಿ ಮನುಷ್ಯ ಇಲ್ಲ, ಆದ್ದರಿಂದ ಸಮೀಕರಣ ಕ್ರೂರ' ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ. ಮಳೆ ಎಷ್ಟಾಗುತ್ತೆ ಅನ್ನೋ ಲೆಕ್ಕದಲ್ಲೂ ರೈತ ಇಲ್ಲ.

ಈಗ ಇನ್ನೊಂದು ಮುಖ. 1943ರ ನಂತರ ವಾನ್ ನ್ಯೂಮನ್ ಲಾಸ್ ಅಲಮೋಸ್‌ನಲ್ಲಿ ಪ್ಲುಟೋನಿಯಂ ಬಾಂಬಿನ ಕೆಲಸಕ್ಕೆ ಸಲಹೆಗಾರರು. ಆ ಬಾಂಬಿನಲ್ಲಿ ಮಧ್ಯದ ಉಂಡೆಯನ್ನು ಸುತ್ತಲಿಂದ ಒಂದೇ ಸಮನೆ ಒತ್ತಬೇಕಿತ್ತು. ಸ್ಫೋಟಕ ಸಿಡಿದರೆ ಅಲೆ ಸಿಡಿದ ಬಿಂದುವಿನಿಂದ ಹೊರಗೆ ಉಬ್ಬಿಕೊಂಡು ಹೋಗುತ್ತೆ. ಅದನ್ನು ತಿರುಗಿಸಿ ಒಳಮುಖ ಮಾಡಬೇಕು. ಅದಕ್ಕೆ ವೇಗವಾಗಿ ಸಿಡಿಯುವ ಸ್ಫೋಟಕ ಮತ್ತು ನಿಧಾನವಾಗಿ ಸಿಡಿಯುವ ಸ್ಫೋಟಕ ಎರಡನ್ನೂ ಜೋಡಿಸಿದರು. ಕನ್ನಡಕದ ಗಾಜು ಬೆಳಕನ್ನು ಬಾಗಿಸೋ ಹಾಗೆ ಈ ಜೋಡಣೆ ಅಲೆಯನ್ನು ಬಾಗಿಸುತ್ತೆ. ಹೆಸರೂ ಲೆನ್ಸ್ ಅಂತಲೇ. ಅಂಥ 32 ತುಂಡುಗಳು ಫುಟ್‌ಬಾಲಿನ ಹೊಲಿಗೆಯ ಹಾಗೆ ಸುತ್ತ ಕೂತವು. ಗಣಿ ಕೆಲಸಗಾರರನ್ನು ಉಳಿಸೋದಕ್ಕೆ ಅಂತ ಅರ್ಧ ಶುರುವಾದ ವಿದ್ಯೆ 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ, ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಕೆಲಸ ಮಾಡಿತು. ಆ ವರ್ಷ ಮುಗಿಯೋದರೊಳಗೆ ನಾಗಸಾಕಿಯಲ್ಲಿ ಸತ್ತವರು ಸುಮಾರು 70,000 ಜನ ಅನ್ನೋದು ಸಾಮಾನ್ಯವಾಗಿ ಕೊಡುವ ಅಂದಾಜು.

ಇಲ್ಲಿ ಸಾಮಾನ್ಯವಾಗಿ ಬರೋ ವಾದ ಚಾಕುವಿನದು. ಚಾಕುವಿನಿಂದ ತರಕಾರಿನೂ ಹೆಚ್ಚಬಹುದು, ಕೊಲೆನೂ ಮಾಡಬಹುದು. ತಪ್ಪು ಚಾಕುವಿನದಲ್ಲ. ಆಘಾತ ತರಂಗದ ವಿಷಯದಲ್ಲಿ ಈ ವಾದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ ಕಿಡ್ನಿ ಕಲ್ಲನ್ನು, ಕತ್ತಿ ಆಡಿಸದೆ, ಹೊರಗಿನಿಂದ ಆಘಾತ ತರಂಗ ಬಿಟ್ಟು ಪುಡಿ ಮಾಡಿದರು. ಇವತ್ತು ನಮ್ಮ ಊರಿನ ಆಸ್ಪತ್ರೆಗಳಲ್ಲೂ ಅದು ಮಾಮೂಲು.

ಚಾಕುವಿನ ವಾದ ಸುಳ್ಳಲ್ಲ, ಆದರೆ ಅದಕ್ಕೆ ಉತ್ತರ ಸಿಗೋದು ಚಾಕುವಿನ ಬಗ್ಗೆ ಮಾತ್ರ. ನಾವು ಕೇಳಿದ್ದು ಚಾಕು ಮಾಡಿದವನ ಬಗ್ಗೆ. ಕಮ್ಮಾರ ಸಂತೆಯಲ್ಲಿ ಕೂತು ಬಂದವರಿಗೆಲ್ಲ ಚಾಕು ಮಾರೋದು ಒಂದು. ಕಟ್ಟಿಗೆಯ ಜಗಳದ ನಡುವೆ ಬಂದು, 'ಇಂಥವನಿಗೆ ಚುಚ್ಚೋದಕ್ಕೆ ಇಷ್ಟು ಉದ್ದದ್ದು ಬೇಕು' ಅಂದವನಿಗೆ ಅಳತೆ ತಗೊಂಡು ಮಾಡಿಕೊಡೋದು ಇನ್ನೊಂದು. ಲೋಹ ಒಂದೇ, ಕುಲುಮೆ ಒಂದೇ. ಆದರೂ ಎರಡನೆಯವನು ತನಗೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ವಾನ್ ನ್ಯೂಮನ್ ಬರೀ ಅಲೆಯ ಲೆಕ್ಕಕ್ಕೆ ನಿಲ್ಲಲಿಲ್ಲ. 1945ರ ಮೇ ತಿಂಗಳಲ್ಲಿ ಯಾವ ಊರಿನ ಮೇಲೆ ಬಾಂಬ್ ಹಾಕಬೇಕು ಅಂತ ಚರ್ಚಿಸಿದ ಗುರಿ ಸಮಿತಿಯಲ್ಲಿ ಅವರೂ ಇದ್ದರು. ಅಲ್ಲಿ ಮನುಷ್ಯರು ಮತ್ತೆ ಲೆಕ್ಕದೊಳಗೆ ಬಂದಿದ್ದರು, ಊರಿನ ಹೆಸರಿನ ರೂಪದಲ್ಲಿ. 1942ರ ವರದಿಗೂ 1945ರ ಆ ಕೋಣೆಗೂ ನಡುವಿನ ದೂರವೇ ನೈತಿಕತೆಯ ದೂರ ಅಂತ ನನಗನ್ನಿಸುತ್ತೆ. ಮನುಷ್ಯ ಒಬ್ಬನೇ, ಜಾಣತನ ಒಂದೇ. ಗೊತ್ತಿದ್ದದ್ದು ಎಷ್ಟು ಅನ್ನೋದು ಬೇರೆ, ಕೈಯಲ್ಲಿದ್ದ ಅಧಿಕಾರ ಬೇರೆ.

ಅವರ ಪರವಾಗಿಯೂ ಮಾತಾಡಬೇಕು. ಹಂಗೆರಿಯಲ್ಲಿ ಹುಟ್ಟಿದ ಯಹೂದಿ, ಹಿಟ್ಲರ್ ಗೆದ್ದರೆ ಏನಾಗುತ್ತೆ ಅನ್ನೋದು ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಬೇರೆ ಯಾರಾದರೂ ಮೊದಲು ಬಾಂಬ್ ಮಾಡಿಬಿಟ್ಟರೆ ಅನ್ನೋ ಭಯ ನಿಜವಾದ ಭಯ. ಅದೇ ಭಯದಿಂದ ಅದೇ ಊರಿಗೆ ಬಂದ ಇನ್ನೊಬ್ಬರಿದ್ದರು, ಪೋಲೆಂಡಿನ ಜೋಸೆಫ್ ರಾಟ್‌ಬ್ಲಾಟ್. 1944ರ ಕೊನೆಯಲ್ಲಿ, ಜರ್ಮನಿಯ ಹತ್ತಿರ ಬಾಂಬ್ ಆಗೋದಿಲ್ಲ ಅಂತ ಅವರಿಗೆ ಖಾತ್ರಿಯಾದಾಗ ಅವರು ಕೆಲಸ ಬಿಟ್ಟು ಹೊರಟರು. ಆಮೇಲೆ ವೈದ್ಯಕೀಯಕ್ಕೆ ಬೇಕಾದ ಭೌತಶಾಸ್ತ್ರದ ಕಡೆ ತಿರುಗಿದರು, ಅಣ್ವಸ್ತ್ರಗಳ ವಿರುದ್ಧ ಉಳಿದ ಆಯುಷ್ಯವೆಲ್ಲ ದುಡಿದರು. 1995ರಲ್ಲಿ ಪಗ್‌ವಾಶ್ ಸಂಘಟನೆಯ ಜೊತೆ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಪ್ರಶಸ್ತಿ ಅಲ್ಲ. 'ಯಾಕೆ ಬಂದೆ' ಅನ್ನೋ ಕಾರಣ ಕಳಚಿಬಿದ್ದಾಗ ರಾಟ್‌ಬ್ಲಾಟ್‌ಗೆ ಅದು ಗೊತ್ತಾಯಿತಲ್ಲ, ಅದು. ನಮ್ಮಲ್ಲಿ ಬಹಳ ಜನ ಒಂದು ಕಾರಣಕ್ಕೆ ಕೆಲಸಕ್ಕೆ ಸೇರುತ್ತೀವಿ, ಕಾರಣ ಸತ್ತು ಎಷ್ಟೋ ವರ್ಷ ಆದಮೇಲೂ ಕೆಲಸ ಮುಂದುವರಿದಿರುತ್ತೆ. ಲಾಸ್ ಅಲಮೋಸ್‌ನಲ್ಲಿದ್ದ ಯುವಕ ರಿಚರ್ಡ್ ಫೈನ್‌ಮನ್ ಆಮೇಲೆ ನೆನಪಿಸಿಕೊಂಡದ್ದು ಬೇರೆ ಥರ: ನೀನಿರುವ ಜಗತ್ತಿಗೆಲ್ಲ ನೀನೇ ಹೊಣೆ ಆಗಬೇಕಿಲ್ಲ ಅನ್ನೋ ವಿಚಾರ ತಮಗೆ ವಾನ್ ನ್ಯೂಮನ್‌ರಿಂದ ಬಂತು, ಅದರಿಂದ ತಾವು ಸುಖವಾಗಿದ್ದೆ ಅಂತ. ಇದನ್ನ ಸುಮ್ಮನೆ ಬೈದು ಬಿಡೋದು ಸುಲಭ. ಆದರೆ ಜಗತ್ತಿನ ಭಾರವನ್ನೆಲ್ಲ ತಲೆ ಮೇಲೆ ಹೊತ್ತವನಿಂದ ಒಂದು ಲೆಕ್ಕವೂ ಮುಗಿಯೋದಿಲ್ಲ, ಅದೂ ನಿಜ. ಇಡೀ ಜಗತ್ತಿಗೆ ಹೊಣೆಯಲ್ಲ, ಸರಿ. ಹಾಗಾದರೆ ಯಾವ ಭಾಗಕ್ಕೆ ಹೊಣೆ? ಆ ಮಾತು ಈ ಪ್ರಶ್ನೆಯ ಬಾಗಿಲಲ್ಲೇ ನಿಂತುಬಿಡುತ್ತೆ.

ಈಗ ಹತ್ತಿರಕ್ಕೆ ಬರೋಣ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ ಕಲ್ಲುಕ್ವಾರಿಗೆ ತಂದಿದ್ದ ಸ್ಫೋಟಕಗಳು ಸಿಡಿದವು. ಅಕ್ಕಪಕ್ಕದ ಜಿಲ್ಲೆಗಳಲ್ಲೂ ಜನ ಭೂಕಂಪ ಅಂದುಕೊಂಡು ಮನೆಯಿಂದ ಹೊರಗೋಡಿ ಬಂದರು. ಸ್ಥಳದಲ್ಲಿದ್ದ ಕೂಲಿಕಾರರು ಸತ್ತರು. ಒಂದು ತಿಂಗಳ ಮೇಲೆ, ಫೆಬ್ರವರಿ 23ರಂದು, ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತರು. ಬಚ್ಚಿಟ್ಟಿದ್ದನ್ನು ಸಾಗಹಾಕೋಕೆ ಹೋದಾಗ ಹೀಗಾಯಿತು ಅಂತ ಆಗ ವರದಿಯಾಗಿತ್ತು.

ಈ ಸ್ಫೋಟಕಗಳು ಯಾವ ಯುದ್ಧಕ್ಕೂ ಹೋಗ್ತಿರಲಿಲ್ಲ. ಬಂಡೆ ಒಡೆಯೋಕೆ ಹೋಗ್ತಿದ್ದವು. ಒಡೆದ ಬಂಡೆ ಜಲ್ಲಿ ಆಗುತ್ತೆ, ಎಂ-ಸ್ಯಾಂಡ್ ಆಗುತ್ತೆ, ಲಾರಿಯಲ್ಲಿ ಬಂದು ನಮ್ಮ ಅಪಾರ್ಟ್‌ಮೆಂಟಿನ ಕಂಬ, ಮೆಟ್ರೋದ ತೊಲೆ, ಆಫೀಸಿನ ಬೇಸ್‌ಮೆಂಟ್ ಆಗುತ್ತೆ. ನೀವು ಈಗ ಕೂತಿರೋ ಕಟ್ಟಡದ ಪ್ರತಿ ಕಾಂಕ್ರೀಟ್ ಹಿಡಿಯ ಹಿಂದೆ ಎಲ್ಲೋ ಒಂದು ಕಡೆ ಒಂದು ಡಿಟೊನೇಶನ್ ಅಲೆ ಹಾದುಹೋಗಿದೆ ಅಂದ್ರೆ ಅದು ದೊಡ್ಡ ಅತಿಶಯೋಕ್ತಿ ಅಲ್ಲ. ನಾಗಸಾಕಿಯ ಬಗ್ಗೆ ನಾವು ದೂರ ನಿಂತು ಮಾತಾಡಬಹುದು. ಜಲ್ಲಿಯ ವಿಷಯದಲ್ಲಿ ಆ ಅನುಕೂಲ ಇಲ್ಲ. ಇಎಂಐ ಕಟ್ಟೋವಾಗ ಆ ಕ್ವಾರಿಯ ಕೂಲಿಯ ಬೆಲೆಯೂ ಅದರಲ್ಲಿ ಸೇರಿರುತ್ತೆ, ಬಹುಶಃ ಬಹಳ ಕಡಿಮೆ ಲೆಕ್ಕ ಹಾಕಿ.

ಇಲ್ಲಿ ಗಮನಿಸಬೇಕಾದ್ದು, ಲೆಕ್ಕದ ಕೊರತೆ ಯಾವತ್ತೂ ಇರಲಿಲ್ಲ. ಸ್ಫೋಟಕವನ್ನು ಎಲ್ಲಿ ಇಡಬೇಕು, ಡಿಟೊನೇಟರನ್ನು ಎಷ್ಟು ದೂರ ಇಡಬೇಕು, ಯಾರು ಮುಟ್ಟಬೇಕು, ಸಿಡಿಸುವಾಗ ಎಷ್ಟು ದೂರ ಖಾಲಿ ಇರಬೇಕು, ಎಲ್ಲಕ್ಕೂ ನಿಯಮ ಇದೆ. ಆ ನಿಯಮಗಳ ತಳದಲ್ಲಿ ಇದೇ ವಿದ್ಯೆ ಇದೆ. ಅಂದ್ರೆ ಚಾಪ್ಮನ್, ಜೂಗೇ ಕಾಲದಿಂದ ಬಂದ ಜ್ಞಾನ ಸರ್ಕಾರಿ ಪುಸ್ತಕದವರೆಗೂ ಬಂದಿದೆ. ಅಲ್ಲಿಂದ ಕಡ್ಡಿ ಹಿಡಿದ ಕೈಯವರೆಗೆ ಮಾತ್ರ ಬಂದಿಲ್ಲ.

ಬೈರುತ್‌ನಲ್ಲಿ ಆದದ್ದೂ ಇದೇ, ಇನ್ನೂ ದೊಡ್ಡದಾಗಿ. ಒಂದು ಹಡಗಿನಿಂದ ಇಳಿಸಿದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ಬಂದರಿನ ಗೋದಾಮಿನಲ್ಲಿ 2014ರಿಂದ ಬಿದ್ದಿತ್ತು. ಗೊಬ್ಬರಕ್ಕೂ ಅದೇ, ಕ್ವಾರಿಗೂ ಅದೇ. ಅದು ಅಪಾಯ ಅಂತ ಕಸ್ಟಮ್ಸ್ ಅಧಿಕಾರಿಗಳು ವರ್ಷಾನುಗಟ್ಟಲೆ ಪತ್ರ ಬರೆದರು. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಯಿತು. 2020ರ ಆಗಸ್ಟ್ 4ರಂದು ಗೋದಾಮಿನಲ್ಲಿ ಬೆಂಕಿ ಕಾಣಿಸಿತು. ಆರಿಸಲು ಹೋದ ಹತ್ತು ಮಂದಿಯ ತಂಡಕ್ಕೆ ಒಳಗೆ ಏನಿದೆ ಅಂತ ಯಾರೂ ಹೇಳಿರಲಿಲ್ಲ. ಅವರೆಲ್ಲರೂ ಸತ್ತರು. ಒಟ್ಟು ಸತ್ತವರು ಇನ್ನೂರಕ್ಕೂ ಹೆಚ್ಚು. ಆ ಸುದ್ದಿ ಬಂದ ಮೇಲೆಯೇ ಚೆನ್ನೈ ಹತ್ತಿರದ ಗೋದಾಮಿನಲ್ಲಿ ವರ್ಷಗಳಿಂದ ಬಿದ್ದಿದ್ದ ಸುಮಾರು 700 ಟನ್ ಅಮೋನಿಯಂ ನೈಟ್ರೇಟ್ ನಮ್ಮವರಿಗೆ ನೆನಪಾಗಿ, ಅದನ್ನು ಹೈದರಾಬಾದಿಗೆ ಸಾಗಿಸಿದ್ದು. ಗೊತ್ತಿದ್ದವರು ಇದ್ದರು, ಎದುರಿಗೆ ನಿಂತವರೂ ಇದ್ದರು. ಇಬ್ಬರೂ ಬೇರೆ ಬೇರೆ ಜನ. ಇವರ ಮಾತು ಅವರಿಗೆ ಮುಟ್ಟಲಿಲ್ಲ.

ಹೊಣೆ ಅನ್ನೋದನ್ನ ನಾವು ಯಾವಾಗಲೂ 'ಯಾರು ಮಾಡಿದರು' ಅನ್ನೋ ಪ್ರಶ್ನೆಯಾಗಿ ಕೇಳುತ್ತೀವಿ. 'ಯಾವಾಗ' ಅಂತ ಕೇಳೋದಿಲ್ಲ. ಈ ಅಲೆಯ ಗಣಿತ ನನಗೆ ಕಲಿಸಿದ್ದು ಆ ಎರಡನೇ ಪ್ರಶ್ನೆ. ಅಲೆ ಶಬ್ದಕ್ಕಿಂತ ವೇಗ. ಆದ್ದರಿಂದ ಅದರ ಮುಂದಿರುವ ಅನಿಲಕ್ಕೆ ಅದು ಬರುತ್ತಿದೆ ಅನ್ನೋ ಸುದ್ದಿ ಮುಂಚೆ ಹೋಗೋದಿಲ್ಲ. ಒತ್ತಡದ ಸುದ್ದಿ ಹೋಗೋದು ಶಬ್ದದ ವೇಗದಲ್ಲಿ, ಅಲೆ ಅದನ್ನೂ ದಾಟಿ ಬಂದಿರುತ್ತೆ. ಇನ್ನು ಹಿಂದೆ, ದಹನ ಮುಗಿಯುವ ಜಾಗದಲ್ಲಿ, ಸುಟ್ಟ ಅನಿಲ ಅಲೆಯಿಂದ ಹಿಂದೆ ಸರಿಯುವ ವೇಗ ಶಬ್ದದ ವೇಗಕ್ಕೆ ಸರಿಯಾಗಿ ಸಮ ಅಂತ ಆಗಲೇ ಹೇಳಿದೆ. ಅದರ ಅರ್ಥ, ಆ ಗೆರೆಯ ಹಿಂದೆ ಏನೇ ನಡೆದರೂ, ಯಾರು ಏನೇ ಅಲುಗಾಡಿಸಿದರೂ, ಅದರ ಪ್ರಭಾವ ಮುಂದಿನ ಅಲೆಯನ್ನು ಹಿಡಿಯಲಾರದು. ಮುಂದಿರುವವರಿಗೆ ಸುದ್ದಿ ಇಲ್ಲ, ಹಿಂದಿರುವವರಿಗೆ ಕೈ ಇಲ್ಲ. ಓಡುತ್ತಿರುವ ಅಲೆ ತನ್ನ ಪಾಡಿಗೆ ತಾನು.

ನಾಗಸಾಕಿಯ ನಂತರ ಎಷ್ಟೋ ವಿಜ್ಞಾನಿಗಳು ನೊಂದುಕೊಂಡರು. ಬೈರುತ್‌ನ ನಂತರ ತನಿಖೆ ಶುರುವಾಯಿತು. ಹುಣಸೋಡಿನ ನಂತರ ಬಂಧನಗಳಾದವು. ಇವೆಲ್ಲ ಬೇಕಾದ್ದೇ, ಮುಂದಿನ ಸಲಕ್ಕಾಗಿ. ಆದರೆ ಹೊರಟುಹೋದ ಅಲೆಯ ಮಟ್ಟಿಗೆ ಇವೆಲ್ಲ ಗೆರೆಯ ಹಿಂದೆ ನಡೆದವು. ಸಾಲದ ಆಪ್‌ಗೆ ಯಾರಿಗೆ ಸಾಲ ಕೊಡಬಾರದು ಅಂತ ಅಂಕ ಹಾಕುವ ಮಾದರಿ ಬರೆದವರಿಗೆ, ಡೆಲಿವರಿಗೆ ಇಷ್ಟೇ ನಿಮಿಷ ಅಂತ ಗಡುವು ಲೆಕ್ಕ ಹಾಕುವ ಕೋಡ್ ಬರೆದವರಿಗೆ ಇದು ಗೊತ್ತಿರುತ್ತೆ. ಒಮ್ಮೆ ಲೈವ್ ಆಗಿ, ಅದರ ಮೇಲೆ ಇನ್ನೊಂದು ತಂಡ ಕಟ್ಟಿ, ಅದರ ಮೇಲೆ ವ್ಯಾಪಾರ ನಿಂತ ಮೇಲೆ, ಬರೆದವರೇ ಬೇಡ ಅಂದರೂ ಅದು ನಿಲ್ಲೋದಿಲ್ಲ. ಅಂಕ ಸಿಗದವನಿಗೆ ಯಾಕೆ ಸಿಗಲಿಲ್ಲ ಅಂತ ಗೊತ್ತಾಗೋದಿಲ್ಲ. ಸಿಗ್ನಲ್ ಜಂಪ್ ಮಾಡಿದ ಹುಡುಗನಿಗೆ ಆ ಎಂಟು ನಿಮಿಷ ಎಲ್ಲಿಂದ ಬಂತು ಅಂತ ಗೊತ್ತಿರಲ್ಲ.

ಹೋಲಿಕೆಯನ್ನು ಬಹಳ ದೂರ ಎಳೆಯಬಾರದು, ಸರಿ. ಅನಿಲಕ್ಕೆ ಮನಸ್ಸಿಲ್ಲ, ನಮಗಿದೆ. ಕೋಡನ್ನು ವಾಪಸ್ ತೆಗೆಯಬಹುದು, ನಿಯಮ ಬದಲಾಯಿಸಬಹುದು. ಅಲೆಗಿಂತ ಸಮಾಜ ನಿಧಾನ, ಅದೇ ನಮ್ಮ ಪುಣ್ಯ. ಆದರೆ ಹೊಣೆ ಹೊರುವ ಹೊತ್ತು ಯಾವುದು ಅನ್ನೋ ವಿಷಯದಲ್ಲಿ ಹೋಲಿಕೆ ನಿಲ್ಲುತ್ತೆ. ಆ ಹೊತ್ತು ಮೊದಲೇ ಬರುತ್ತೆ, ಸದ್ದಿಲ್ಲದೆ ಬರುತ್ತೆ, ಮತ್ತು ಬಂದಾಗ ಅದು ನೈತಿಕ ಪ್ರಶ್ನೆಯ ಥರ ಕಾಣೋದೇ ಇಲ್ಲ. ಒಂದು ಮೀಟಿಂಗ್ ಥರ ಕಾಣುತ್ತೆ, ಒಂದು ಸ್ಪೆಕ್ ಥರ ಕಾಣುತ್ತೆ.

ಹಾಗಾದರೆ ಲೆಕ್ಕ ಮಾಡಿದವನ ಪಾಲು ಎಷ್ಟು? ನನ್ನ ಉತ್ತರ ಹೀಗಿದೆ. ಲೆಕ್ಕ ಸರಿ ಇರಬೇಕು, ಇದು ಮೊದಲ ಪಾಲು. ಇದನ್ನ ಹಗುರ ಮಾಡಬಾರದು, ಗಣಿಯಲ್ಲಿ ತಪ್ಪು ಲೆಕ್ಕವೂ ಜನರನ್ನು ಕೊಲ್ಲುತ್ತೆ. ಲೆಕ್ಕ ಏನನ್ನು ಬಿಟ್ಟಿದೆ ಅಂತ, ಅದನ್ನು ತಗೊಂಡು ಹೋಗುವವರಿಗೆ ಅವರ ಭಾಷೆಯಲ್ಲಿ ಹೇಳಬೇಕು. ಮಾದರಿ ಮರೆಯೋದು ಸಹಜ, ಆದರೆ ಅದು ಏನನ್ನು ಮರೆತಿದೆ ಅನ್ನೋದನ್ನ ಕಟ್ಟಿದವನು ಮರೆಯೋ ಹಾಗಿಲ್ಲ. ಅಲೆಯ ಮುಂದೆ ನಿಲ್ಲೋದು ಯಾರು ಅಂತ ಒಮ್ಮೆಯಾದರೂ ಕೇಳಬೇಕು. ಉತ್ತರ ಸಿಗದಿದ್ದರೆ, ಅದೂ ಒಂದು ಉತ್ತರವೇ. ಇದಕ್ಕಿಂತ ಹೆಚ್ಚಿನದು, ರಾಟ್‌ಬ್ಲಾಟ್ ಥರ ಎದ್ದು ಹೊರಡೋದು, ಎಲ್ಲರಿಂದಲೂ ಆಗೋದಿಲ್ಲ. ಮನೆ ಸಾಲ ಇರುತ್ತೆ, ಊರಲ್ಲಿ ಅಪ್ಪ ಅಮ್ಮ ಇರ್ತಾರೆ. ಅದನ್ನ ಎಲ್ಲರ ಮೇಲೆ ಹೇರೋ ನೀತಿ ಯಾರಿಗೂ ಉಪಯೋಗಕ್ಕೆ ಬರಲ್ಲ. ಆದರೆ ಮೊದಲು ಹೇಳಿದ್ದು ಸಂಬಳ ತಗೊಳ್ಳೋ ಯಾರಿಂದಲೂ ಆಗುತ್ತೆ.

ಆ ಕೆಲಸ ಹೇಗಿರುತ್ತೆ ಅನ್ನೋದಕ್ಕೆ ಕಲ್ಲಿದ್ದಲು ಗಣಿಯಲ್ಲೇ ಒಂದು ಉದಾಹರಣೆ ಇದೆ. ಕೂರಿಯೇರ್ ದುರಂತ ಆದಮೇಲೆ ಫ್ರಾನ್ಸಿನ ಲಿಯೆವಾಂ ಎಂಬಲ್ಲಿ ಒಂದು ಪ್ರಯೋಗ ಕೇಂದ್ರ ಕಟ್ಟಿದರು. ಅಲ್ಲಿ ಎಂಜಿನಿಯರ್ ತಾಫನೆಲ್, ಕಲ್ಲಿದ್ದಲ ದೂಳಿನ ಉರಿಯನ್ನು ಬೇಕಂತಲೇ ಹೊತ್ತಿಸಿ ನೋಡಿದರು. ಗಣಿಯ ಉರಿ ಶುರುವಾಗುವಾಗ ಇನ್ನೂ ಮೊದಲ ಜಾತಿಯದು, ನಿಧಾನದ್ದು. ಅದರ ಮುಂದೆ ಒತ್ತಡದ ಗಾಳಿ ಓಡುತ್ತೆ. ಅಂದ್ರೆ ಈ ಹಂತದಲ್ಲಿ ಸುದ್ದಿ ಉರಿಗಿಂತ ಮುಂಚೆ ಬರುತ್ತೆ. ಆ ಗಾಳಿಗೆ ಮಗುಚಿಕೊಳ್ಳುವ ಹಾಗೆ ಸುರಂಗದ ಸೂರಿಗೆ ಹಲಗೆಗಳನ್ನು ಕೂರಿಸಿ, ಅವುಗಳ ಮೇಲೆ ಕಲ್ಲಿನ ಪುಡಿ ಗುಡ್ಡೆ ಹಾಕಿದರು. ಗಾಳಿ ಬಂದು ಹಲಗೆ ಉರುಳಿಸುತ್ತೆ, ಪುಡಿ ಸುರಂಗವನ್ನೆಲ್ಲ ತುಂಬಿಕೊಳ್ಳುತ್ತೆ, ಹಿಂದೆ ಬಂದ ಉರಿ ಅದರಲ್ಲಿ ತಣ್ಣಗಾಗಿ ಸಾಯುತ್ತೆ. ಸುಡದ ಪುಡಿಯನ್ನು ಗಣಿಯಲ್ಲಿ ಹರಡಬೇಕು ಅನ್ನೋದು ಇವತ್ತು ಭಾರತದ ಕಲ್ಲಿದ್ದಲು ಗಣಿ ನಿಯಮದಲ್ಲೂ ಇದೆ.

ಆ ಹಲಗೆ ಇಡೋಕೆ ದೊಡ್ಡ ಗಣಿತ ಬೇಡ. ಬೇಕಾದ್ದು, ಉರಿ ಯಾವಾಗ ನಿಧಾನ ಇರುತ್ತೆ, ಯಾವಾಗ ಕೈ ಮೀರುತ್ತೆ ಅಂತ ಲೆಕ್ಕ ಮಾಡಿ ತಿಳಿದುಕೊಂಡ ಒಬ್ಬರು. ಆಮೇಲೆ ಅದನ್ನ ಅಲ್ಲಿಗೇ ಬಿಡದೆ ಸುರಂಗಕ್ಕೆ ಇಳಿದು, ಎಲ್ಲಿ ಹಲಗೆ ಇರಬೇಕೋ ಅಲ್ಲಿ ಇದೆಯಾ ಅಂತ ನೋಡೋ ಒಬ್ಬರು. ಇಬ್ಬರೂ ಒಬ್ಬರೇ ಆದರೆ ಒಳ್ಳೆಯದು. ಬೇರೆ ಬೇರೆ ಆದರೆ, ಅವರು ಒಬ್ಬರಿಗೊಬ್ಬರು ಮಾತಾಡಬೇಕು.